ದೆವ್ವಕ್ಕೊಂದು ಕಟ್ಟಳೆ

ಜನಪದ ಕತೆಗಳ ದೆವ್ವ, ರಕ್ಕಸ, ಬೇತಾಳಗಳನ್ನು ರೋಲ್‌ಪ್ಲೇಯಿಂಗ್ ಆಟಕ್ಕೆ ತರುವುದೆಂದರೆ ಕೇಳುವ ಕತೆಯನ್ನು ಆಡುವ ಕತೆಯಾಗಿಸುವುದು. ಅಜ್ಜಿ ಕತೆ ಹೇಳುವಾಗ ಕೊನೆಯೇನೆಂದು ಅವಳಿಗೆ ಗೊತ್ತಿರುತ್ತದೆ, ಮಗು ಹೂಂಗುಟ್ಟುತ್ತ ಕೇಳುತ್ತದೆ. ಮೇಜಿನ ಸುತ್ತ ಕೂತು ಆಡುವ ಆಟದಲ್ಲಿ ಕೊನೆ ಯಾರಿಗೂ ಗೊತ್ತಿಲ್ಲ. ಒಬ್ಬರು ಸೂತ್ರಧಾರರಾಗಿ ಊರು, ಕಾಡು, ಎದುರಾಳಿಗಳನ್ನು ಬಣ್ಣಿಸುತ್ತಾರೆ. ಉಳಿದ ನಾಲ್ಕೈದು ಮಂದಿ ಒಂದೊಂದು ಪಾತ್ರವಾಗಿ ತಾವು ಮಾಡುವುದನ್ನು ಹೇಳುತ್ತಾರೆ. ಆದೀತೋ ಆಗದೋ ಎಂಬ ಅನುಮಾನ ಬಂದಲ್ಲಿ ದಾಳ ಉರುಳುತ್ತದೆ. ಈ ಬಗೆಯ ಆಟಗಳಿಗೆ ಮೊದಲ ದಾರಿ ಹಾಕಿದ್ದು ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿ, 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಊರಿನಿಂದ ಹೊರಬಂದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’. ಇಂದು ಬೆಂಗಳೂರಿನ ಕೆಫೆಗಳಲ್ಲಿ, ಕಾಲೇಜು ಹಾಸ್ಟೆಲುಗಳಲ್ಲಿ ಈ ಆಟ ಹಿಡಿದು ಕೂತ ಯುವಕ ಯುವತಿಯರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ನಮ್ಮ ಊರಿನ ದೆವ್ವವನ್ನು ಇದರೊಳಗೆ ತರುವುದು ಹೇಗೆ?

ಆಟದ ಪುಸ್ತಕ ಒಂದು ಪ್ರಾಣಿಯನ್ನು ಹೇಗೆ ಬಣ್ಣಿಸುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಅಲ್ಲಿ ಪ್ರತಿ ಎದುರಾಳಿಗೂ ಒಂದು ಅಂಕಿಪಟ್ಟಿ ಇರುತ್ತದೆ. ಎಷ್ಟು ಪೆಟ್ಟು ತಡೆದುಕೊಂಡೀತು ಎಂಬುದಕ್ಕೆ ಹಿಟ್ ಪಾಯಿಂಟ್, ಅದಕ್ಕೆ ಪೆಟ್ಟು ತಗಲಿಸುವುದು ಎಷ್ಟು ಕಷ್ಟ ಎಂಬುದಕ್ಕೆ ಆರ್ಮರ್ ಕ್ಲಾಸ್, ಒಟ್ಟು ಅಪಾಯದ ಅಳತೆಗೆ ಚಾಲೆಂಜ್ ರೇಟಿಂಗ್. ಹೊಡೆಯುವವರು ಇಪ್ಪತ್ತು ಮುಖದ ದಾಳ ಎಸೆದು, ಬಿದ್ದ ಅಂಕಿಗೆ ತಮ್ಮ ಪಾತ್ರದ ಕೌಶಲದ ಅಂಕಿಯನ್ನು ಕೂಡಿಸುತ್ತಾರೆ. ಮೊತ್ತವು ಎದುರಾಳಿಯ ಆರ್ಮರ್ ಕ್ಲಾಸ್ ಮುಟ್ಟಿದರೆ ಪೆಟ್ಟು ಬಿತ್ತು. ಎದುರಾಳಿಯ ಅಂಕಿ 15, ಹೊಡೆಯುವವರ ಕೌಶಲ 5 ಎಂದಿಟ್ಟುಕೊಂಡರೆ ದಾಳದಲ್ಲಿ 10 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು. ಇಪ್ಪತ್ತರಲ್ಲಿ ಹನ್ನೊಂದು ಮುಖಗಳು ಅನುಕೂಲ, ಅಂದರೆ ನೂರಕ್ಕೆ 55ರಷ್ಟು ಸಾಧ್ಯತೆ. ಲೆಕ್ಕ ಸರಳ. ಹೊಸಬರು ಎಡವುವುದೂ ಈ ಸರಳತೆಯಲ್ಲೇ. ಅಂಕಿಪಟ್ಟಿಯ ಖಾನೆಗಳನ್ನು ತುಂಬಿದ ಕೂಡಲೇ ದೆವ್ವ ಸಿದ್ಧವಾಯಿತು ಎಂದುಕೊಳ್ಳುತ್ತಾರೆ. ಸಿದ್ಧವಾದದ್ದು ಹೊಸ ಹೆಸರು ಹೊತ್ತ ಕರಡಿ ಅಥವಾ ತೋಳ ಮಾತ್ರ.

ಭಾರತದ ಕತೆಗಳಿಂದ ಈ ಆಟಕ್ಕೆ ಹೋದವರಲ್ಲಿ ಎಲ್ಲರಿಗಿಂತ ಹೆಸರಾದವನು ರಾಕ್ಷಸ. 1977ರಲ್ಲಿ ಬಂದ ‘ಮಾನ್‌ಸ್ಟರ್ ಮ್ಯಾನ್ಯುಯಲ್’ ಎಂಬ ಪುಸ್ತಕದಲ್ಲಿ 350ಕ್ಕೂ ಹೆಚ್ಚು ಜೀವಿಗಳಿದ್ದು, ಅವುಗಳಲ್ಲಿ ರಾಕ್ಷಸನೂ ಒಬ್ಬ. ಡೇವಿಡ್ ಟ್ರ್ಯಾಂಪಿಯರ್ ಬರೆದ ಚಿತ್ರದಲ್ಲಿ ಅವನಿಗೆ ಹುಲಿಯ ತಲೆ. ಶ್ರೀಮಂತರ ನಿಲುವಂಗಿ ತೊಟ್ಟು ಪೈಪ್ ಸೇದುತ್ತಿದ್ದಾನೆ. ಎದುರಿನವರು ಯಾರನ್ನು ನಂಬುತ್ತಾರೋ ಅವರ ರೂಪದಲ್ಲಿ ಕಾಣಿಸಿಕೊಳ್ಳುವುದು ಅವನ ಶಕ್ತಿ, ಮಂತ್ರಿಸಿದ ಅಡ್ಡಬಿಲ್ಲಿನ ಬಾಣ ತಾಗಿದರೆ ಸಾವು. ಈ ಬಾಣ ವಾಲ್ಮೀಕಿಯಿಂದ ಬಂದದ್ದಲ್ಲ, ಕುಮಾರವ್ಯಾಸನಿಂದಲೂ ಅಲ್ಲ. 1974ರ ಡಿಸೆಂಬರಿನಲ್ಲಿ ಅಮೆರಿಕದ ಟಿವಿಯಲ್ಲಿ ಪ್ರಸಾರವಾದ ‘ಕೋಲ್‌ಚಾಕ್: ದಿ ನೈಟ್ ಸ್ಟಾಕರ್’ ಸರಣಿಯ ಒಂದು ಕಂತಿನಲ್ಲಿ ಇಂಥ ರಾಕ್ಷಸ ಬರುತ್ತಾನೆ, ಇಂಥದೇ ಬಾಣಕ್ಕೆ ಬೀಳುತ್ತಾನೆ. ಆಟದ ರಾಕ್ಷಸನಿಗೆ ಆ ಕಂತೇ ಪ್ರೇರಣೆ ಎಂಬುದು ಈ ಆಟದ ಚರಿತ್ರೆ ಬಲ್ಲವರ ಮಾತು. ಮುಂದಿನ ಆವೃತ್ತಿಗಳಲ್ಲಿ ಅವನ ಅಂಗೈಗಳು ಹಿಂದುಮುಂದಾದವು. 2014ರ ಐದನೆಯ ಆವೃತ್ತಿಯಲ್ಲಿ ಅವನಿಗೆ 110 ಹಿಟ್ ಪಾಯಿಂಟ್, ಆರ್ಮರ್ ಕ್ಲಾಸ್ 16, ಚಾಲೆಂಜ್ ರೇಟಿಂಗ್ 13. ಸಜ್ಜನರ ಕೈಯ ಮಾಂತ್ರಿಕ ಆಯುಧದ ಇರಿತಕ್ಕೆ ಮಾತ್ರ ಅವನು ದುರ್ಬಲ ಎಂಬ ಮಾತಿನಲ್ಲಿ ಆ ಟಿವಿ ಕಂತಿನ ಬಾಣ ಅಲ್ಲಿಯೂ ಉಳಿದಿತ್ತು.

ಈ ಅಳವಡಿಕೆಯನ್ನು ಪೂರ್ತಿ ತಪ್ಪೆಂದು ತಳ್ಳಿಹಾಕುವುದು ನ್ಯಾಯವಲ್ಲ. ಹುಲಿಯ ತಲೆ ಹೊರಗಿನಿಂದ ಬಂದದ್ದು ನಿಜ. ಆದರೆ ನಂಬಿದವರ ರೂಪ ತಾಳುವ ಗುಣ ರಾಮಾಯಣದ ರಾಕ್ಷಸರ ಮೂಲ ಗುಣವೇ. ಮಾರೀಚ ಚಿನ್ನದ ಜಿಂಕೆಯಾಗುತ್ತಾನೆ, ಸಾಯುವ ಗಳಿಗೆಯಲ್ಲಿ ರಾಮನ ದನಿಯಲ್ಲಿ ಕೂಗುತ್ತಾನೆ. ರಾವಣ ಸನ್ಯಾಸಿಯ ವೇಷದಲ್ಲಿ ಭಿಕ್ಷೆ ಕೇಳುತ್ತಾನೆ. ಕಣ್ಣು ಕಿವಿಗಳನ್ನು ನಂಬಲಾಗದಂತೆ ಮಾಡುವುದೇ ಮಾಯೆ, ಆಟದ ರಾಕ್ಷಸ ಅದನ್ನು ಉಳಿಸಿಕೊಂಡಿದ್ದಾನೆ. ಹೋದದ್ದು ಬೇರೆ. ರಾಮಾಯಣ ಮಹಾಭಾರತಗಳಲ್ಲಿ ರಾಕ್ಷಸರದ್ದು ಒಂದು ಕುಲ. ಅವರಿಗೆ ಅಣ್ಣತಮ್ಮಂದಿರಿದ್ದಾರೆ, ರಾಜ್ಯವಿದೆ, ತಪಸ್ಸಿದೆ. ಅವರಲ್ಲಿ ವಿಭೀಷಣನಿದ್ದಾನೆ, ಭೀಮನನ್ನು ವರಿಸಿದ ಹಿಡಿಂಬೆಯಿದ್ದಾಳೆ, ಪಾಂಡವರ ಪರ ಹೋರಾಡಿ ಸತ್ತ ಘಟೋತ್ಕಚನಿದ್ದಾನೆ. ಅಂಕಿಪಟ್ಟಿಯಲ್ಲಿ ಇಡೀ ಕುಲ ಒಂದು ಕೆಟ್ಟ ಪ್ರಾಣಿಯಾಗಿ ಕುಗ್ಗಿದೆ. ಜಗತ್ತಿನ ಸಾವಿರಾರು ಆಟಗಾರರಿಗೆ ಇಂದು ರಾಕ್ಷಸ ಎಂದರೆ ಕಣ್ಮುಂದೆ ಬರುವುದು ಹುಲಿಮುಖ. ಅಳವಡಿಕೆ ಒಮ್ಮೆ ನೆಲೆಯೂರಿತೆಂದರೆ ಮೂಲವನ್ನೇ ಮರೆಸಬಲ್ಲದು. ಈ ಕೆಲಸಕ್ಕೆ ಕೈಹಾಕುವವರು ಎಚ್ಚರದಿಂದಿರಬೇಕಾದ ಕಾರಣ ಇದು.

ಇಂಥ ನಷ್ಟ ಭಾರತದ ಕತೆಗಳಿಗೆ ಮಾತ್ರ ಆದದ್ದಲ್ಲ. ಫ್ರಾನ್ಸಿನ ರೋನ್ ನದಿಯ ದಂಡೆಯಲ್ಲಿ ತರಾಸ್ಕೋನ್ ಎಂಬ ಊರಿದೆ. ಅಲ್ಲಿ ಜನರನ್ನು ನುಂಗುತ್ತಿದ್ದ ತರಾಸ್ಕ್ ಎಂಬ ಭಾರೀ ಪ್ರಾಣಿಯ ಐತಿಹ್ಯ ಮಧ್ಯಯುಗದಿಂದ ನಡೆದುಬಂದಿದೆ. ಸಂತ ಮಾರ್ತಾ ಎಂಬ ಹೆಣ್ಣುಮಗಳು ಶಿಲುಬೆ ಹಿಡಿದು, ಪವಿತ್ರ ಜಲ ಚಿಮುಕಿಸಿ ಅದನ್ನು ಶಾಂತಗೊಳಿಸುತ್ತಾಳೆ. ತನ್ನ ಸೊಂಟದ ಪಟ್ಟಿಯನ್ನೇ ಹಗ್ಗ ಮಾಡಿ ಊರೊಳಗೆ ಕರೆತರುತ್ತಾಳೆ. ಪಳಗಿ ನಿಂತ ಪ್ರಾಣಿಯನ್ನು ಊರಿನವರು ಕೊಲ್ಲುತ್ತಾರೆ. ಅದೇ ಹೆಸರಿನ ಪ್ರಾಣಿ 1983ರಲ್ಲಿ ಆಟದ ಪುಸ್ತಕ ಸೇರಿತು. ಅಲ್ಲಿ ಅದನ್ನು ಪೂರ್ತಿ ಕೊಲ್ಲಲು ಆಟದ ಅತ್ಯುನ್ನತ ಮಂತ್ರಗಳಲ್ಲೊಂದು ಬೇಕಿತ್ತು. 2014ರ ಆವೃತ್ತಿಯಲ್ಲಿ ಅದಕ್ಕೆ 676 ಹಿಟ್ ಪಾಯಿಂಟ್, ಚಾಲೆಂಜ್ ರೇಟಿಂಗ್ 30. ಆಟದಲ್ಲಿ ಇದಕ್ಕಿಂತ ಭಾರಿ ಎದುರಾಳಿ ಸಿಗುವುದು ಅಪರೂಪ. ಆದರೆ ಐತಿಹ್ಯದ ತಿರುಳು ಅದರ ಬಲದಲ್ಲಿರಲಿಲ್ಲ. ಆಯುಧದಿಂದ ಆಗದ್ದು ನಿರಾಯುಧಳಾದ ಒಬ್ಬಳಿಂದ ಆಯಿತು ಎಂಬುದರಲ್ಲಿತ್ತು, ಶರಣಾದದ್ದನ್ನು ಕೊಂದ ಊರಿನ ನೋವಿನಲ್ಲಿತ್ತು. ಅವೆರಡೂ ಅಂಕಿಪಟ್ಟಿಯಲ್ಲಿ ಇಲ್ಲ.

ಜನಪದದ ದೆವ್ವಕ್ಕೆ ದೇಹಕ್ಕಿಂತ ಹೆಚ್ಚಾಗಿ ಇರುವುದು ಕಟ್ಟಳೆ. ಅದರ ಹಲ್ಲು ಎಷ್ಟುದ್ದ, ತೂಕ ಎಷ್ಟು ಎಂದು ಕೇಳಿದರೆ ಹಳ್ಳಿಯ ಹಿರಿಯರು ಉತ್ತರಿಸಲಾರರು. ಅದು ಯಾವ ಮರದಲ್ಲಿರುತ್ತದೆ, ಎಂಥ ಹೊತ್ತಿನಲ್ಲಿ ಬರುತ್ತದೆ, ಏನು ಕೇಳುತ್ತದೆ, ಏನು ಮಾಡಿದರೆ ಬಿಟ್ಟುಹೋಗುತ್ತದೆ ಎಂದು ಕೇಳಿದರೆ ಕರಾರುವಾಕ್ಕಾಗಿ ಹೇಳುತ್ತಾರೆ. ಮುಸ್ಸಂಜೆ ಹೊತ್ತು, ಅಮಾವಾಸ್ಯೆ, ಮೂರು ದಾರಿ ಕೂಡುವಲ್ಲಿ, ಹುಣಸೆಮರದ ಕೆಳಗೆ, ಕಬ್ಬಿಣ ಕಂಡರೆ ಹಿಂಜರಿಯುತ್ತದೆ, ಕರೆದರೆ ಓಗೊಡಬಾರದು. ಇವೆಲ್ಲ ನಿಯಮಗಳು. ಆಟಕ್ಕೆ ಬೇಕಾದದ್ದೂ ನಿಯಮವೇ. ಆದ್ದರಿಂದ ಅಳವಡಿಸುವವರು ಕತೆಗೆ ಮೂರು ಪ್ರಶ್ನೆ ಕೇಳಬೇಕು: ಅದು ಎಲ್ಲಿ, ಯಾವಾಗ ಬರುತ್ತದೆ? ಅದಕ್ಕೆ ಏನು ಬೇಕು? ಅದನ್ನು ಏನು ತಡೆಯುತ್ತದೆ? ಈ ಮೂರಕ್ಕೆ ಉತ್ತರ ಸಿಕ್ಕ ಮೇಲೆ ಅಂಕಿಗಳನ್ನು ಬರೆದರೆ ಸಾಕು. ಅಂಕಿಗಳನ್ನು ಮೊದಲು ಬರೆದವರು ಈ ಪ್ರಶ್ನೆಗಳ ಹತ್ತಿರಕ್ಕೂ ಬರುವುದಿಲ್ಲ.

ಮೊದಲನೆಯ ಪ್ರಶ್ನೆಗೆ ಕೊಳ್ಳಿದೆವ್ವ ಒಳ್ಳೆಯ ಉದಾಹರಣೆ. ರಾತ್ರಿ ಗದ್ದೆಯ ಬಯಲಿನಲ್ಲೋ ಜೌಗಿನಲ್ಲೋ ಒಂದು ಬೆಳಕು ಅಲೆದಾಡುತ್ತದೆ. ಬೆನ್ನು ಹತ್ತಿದವರು ದಾರಿ ತಪ್ಪುತ್ತಾರೆ, ಹತ್ತಿರ ಹೋದಷ್ಟೂ ಅದು ದೂರ ಸರಿಯುತ್ತದೆ. ಯುರೋಪಿನಲ್ಲೂ ಇಂಥದೇ ನಂಬಿಕೆಯಿದ್ದು, ‘ವಿಲ್-ಒ-ದಿ-ವಿಸ್ಪ್’ ಎಂಬ ಆ ಬೆಳಕು ಹೆಚ್ಚುಕಡಿಮೆ ಅದೇ ಹೆಸರಿನಲ್ಲಿ ಆಟದ ಪುಸ್ತಕದಲ್ಲಿದೆ. 2014ರ ಆವೃತ್ತಿಯಲ್ಲಿ ಅದರ ಅಂಕಿಗಳು ಗಮನಿಸತಕ್ಕವು: ಹಿಟ್ ಪಾಯಿಂಟ್ ಬರೀ 22, ಆರ್ಮರ್ ಕ್ಲಾಸ್ ಮಾತ್ರ 19. ಕೌಶಲದ ಅಂಕಿ 5 ಇರುವವರಿಗೆ ಅದನ್ನು ಮುಟ್ಟುವ ಸಾಧ್ಯತೆ ನೂರಕ್ಕೆ 35. ಕೈಗೆ ಸಿಕ್ಕರೆ ನಂದಿಹೋಗುವಷ್ಟು ದುರ್ಬಲ, ಆದರೆ ಕೈಗೆ ಸಿಗದು. ಕತೆ ಹೇಳುವುದೂ ಇದನ್ನೇ. ಕತೆ ಏನು ಹೇಳುತ್ತದೆ ಎಂದು ಗೊತ್ತಿದ್ದರೆ ಅಂಕಿಯೂ ಕತೆ ಹೇಳಬಲ್ಲದು. ಕನ್ನಡದ ಸೂತ್ರಧಾರರು ಇದೇ ಅಂಕಿಗಳನ್ನು ಇಟ್ಟುಕೊಂಡು ಜೌಗಿನ ಬದಲು ಭತ್ತದ ಗದ್ದೆ, ಬದು, ತುಂಬಿದ ಹಳ್ಳ ತಂದರೆ ಸಾಕು. ಹೋರಾಟಕ್ಕಿಂತ ದಾರಿಗೆ ದಾಳ ಎಸೆಸಬೇಕು: ಬದು ಬಿಟ್ಟು ಬೆಳಕಿನ ಹಿಂದೆ ಹೋದ ಪ್ರತಿ ಹೆಜ್ಜೆಗೂ ಮರಳುವ ದಾರಿ ಕಷ್ಟವಾಗುತ್ತ ಹೋಗಬೇಕು.

ಏನು ತಡೆಯುತ್ತದೆ ಎಂಬ ಪ್ರಶ್ನೆಗೆ ‘ನಾಳೆ ಬಾ’ಗಿಂತ ಚೊಕ್ಕ ಉತ್ತರ ಸಿಗುವುದು ಕಷ್ಟ. 1990ರ ದಶಕದಲ್ಲಿ ಬೆಂಗಳೂರಿನಲ್ಲಿ, ಕರ್ನಾಟಕದ ಇತರ ಊರುಗಳಲ್ಲಿ ಒಂದು ವದಂತಿ ಹಬ್ಬಿತು. ರಾತ್ರಿ ಹೆಣ್ಣು ದೆವ್ವವೊಂದು ಬಾಗಿಲು ತಟ್ಟುತ್ತದೆ, ಮನೆಯವರ ದನಿಯಲ್ಲೇ ಕರೆಯುತ್ತದೆ, ತೆರೆದವರು ಉಳಿಯುವುದಿಲ್ಲ. ಜನ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದರು. ದೆವ್ವ ಓದಿ ಹಿಂತಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. 2018ರ ಹಿಂದಿ ಚಿತ್ರ ‘ಸ್ತ್ರೀ’ ಈ ನಂಬಿಕೆಯ ಎಳೆಯನ್ನೇ ಬಳಸಿಕೊಂಡಿತು. ಆಟಕ್ಕೆ ತರುವಾಗ ಇದಕ್ಕೆ ಉಗುರು, ಹಲ್ಲು, ಹಿಟ್ ಪಾಯಿಂಟ್ ಕೊಡಲು ಹೊರಟರೆ ಕೆಲಸ ಕೆಟ್ಟಂತೆ. ಇದರ ಬಲ ದನಿಯಲ್ಲಿದೆ, ಕಟ್ಟು ಬರಹದಲ್ಲಿದೆ. ಸೂತ್ರಧಾರರು ಆಟಗಾರರಿಂದ ಮೊದಲೇ ಅವರ ಪಾತ್ರಗಳ ತಾಯಿ, ತಮ್ಮ, ಕಳೆದುಹೋದ ಗೆಳತಿ ಇಂಥವರ ಹೆಸರು ಬರೆಸಿಕೊಂಡಿರಬೇಕು. ರಾತ್ರಿ ಬಾಗಿಲಾಚೆ ಆ ಹೆಸರಿನವರ ದನಿ ಕೇಳಬೇಕು. ತಡೆದುಕೊಳ್ಳಲು ಮನೋಬಲದ ದಾಳ ಎಸೆಯಬೇಕು. ಊರಿನ ಬಾಗಿಲುಗಳ ಮೇಲಿನ ಬರಹವನ್ನು ಹಗಲಲ್ಲೇ ಕಂಡವರಿಗೆ ಸುಣ್ಣದ ಕಡ್ಡಿಯೇ ಆಯುಧ. ಆಮೇಲೆ ಆಟವನ್ನು ಬಿಗಿಗೊಳಿಸುವ ಪ್ರಶ್ನೆಗಳು ತಾವಾಗಿಯೇ ಹುಟ್ಟುತ್ತವೆ. ಮಳೆ ಬಂದು ಬರಹ ಅಳಿಸಿದರೆ? ಆ ನಾಳೆ ನಿಜವಾಗಿ ಬಂದುಬಿಟ್ಟರೆ?

ದಕ್ಷಿಣ ಏಷ್ಯಾದಿಂದ ಯುರೋಪಿನವರೆಗೆ ಹರಡಿರುವ ಇನ್ನೊಂದು ಕಟ್ಟಳೆ, ದೇಹದ ಹೊರಗಿಟ್ಟ ಪ್ರಾಣ. ಏಳು ಸಮುದ್ರದಾಚೆ ಒಂದು ಮರ, ಮರದ ಮೇಲೊಂದು ಪಂಜರ, ಪಂಜರದೊಳಗಿನ ಗಿಳಿಯಲ್ಲಿ ರಕ್ಕಸನ ಪ್ರಾಣ. ಕನ್ನಡದ ಮಕ್ಕಳು ಕೇಳಿ ಬೆಳೆದ ಈ ಕತೆಯ ರಷ್ಯನ್ ಒಡಹುಟ್ಟು ಸಾವಿಲ್ಲದ ಕೋಶ್ಚೆಯ್: ಅವನ ಸಾವು ಸೂಜಿಯ ಮೊನೆಯಲ್ಲಿ, ಸೂಜಿ ಮೊಟ್ಟೆಯಲ್ಲಿ, ಮೊಟ್ಟೆ ಬಾತುಕೋಳಿಯಲ್ಲಿ, ಅದು ಮೊಲದಲ್ಲಿ, ಮೊಲ ಓಕ್ ಮರದ ಪೆಟ್ಟಿಗೆಯಲ್ಲಿ. ಜನಪದ ವಿದ್ವಾಂಸರ ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ ಈ ಬಗೆಯ ಕತೆಗೆ 302ನೆಯ ಸಂಖ್ಯೆ. ಆಟದ ಪುಸ್ತಕದಲ್ಲಿ ‘ಲಿಚ್’ ಎಂಬ ಮಾಂತ್ರಿಕ ತನ್ನ ಪ್ರಾಣವನ್ನು ಒಂದು ಕರಂಡದಲ್ಲಿ ಬಚ್ಚಿಡುವುದೂ ಇದೇ ಕಟ್ಟಳೆ. ಇಂಥ ಎದುರಾಳಿಗೆ ಅಂಕಿ ಬರೆಯುವುದು ಸುಲಭ. ಎಷ್ಟು ಹೊಡೆದರೂ ಮರುದಿನ ಎದ್ದುಬರುತ್ತಾನೆ, ಅಷ್ಟೇ. ಕಷ್ಟವಿರುವುದು ಗುಟ್ಟು ತಿಳಿಯುವ ದಾರಿಯಲ್ಲಿ. ಜನಪದ ಕತೆ ಆ ದಾರಿಯನ್ನೂ ತೋರಿಸಿಕೊಟ್ಟಿದೆ. ರಕ್ಕಸನ ಮನೆಯಲ್ಲಿ ಸೆರೆಯಿರುವ ರಾಜಕುಮಾರಿ, ನೀನು ಹೊರಗೆ ಹೋದಾಗ ನನಗೆ ಭಯವಾಗುತ್ತದೆ, ನಿನಗೇನಾದರೂ ಆದರೆ ನನ್ನ ಗತಿಯೇನು ಎಂದು ಕಣ್ಣೀರಿಟ್ಟು ಬಾಯಿ ಬಿಡಿಸುತ್ತಾಳೆ. ಆಟದಲ್ಲಿ ಗಿಳಿಯ ಗುಟ್ಟು ಒಂದೇ ಕಡೆ ಇಟ್ಟರೆ, ಆಟಗಾರರು ಅದನ್ನು ತಪ್ಪಿಸಿಕೊಂಡಾಗ ಕತೆ ನಿಂತುಹೋಗುತ್ತದೆ. ಸೆರೆಯಾದವಳ ಮಾತು, ಕಾಯಿಲೆ ಬಿದ್ದ ಗಿಳಿಯ ದಿನ ರಕ್ಕಸನೂ ಮಲಗಿದ್ದನ್ನು ಕಂಡ ಆಳು, ದೋಣಿಗಾರನ ಹಾಡು ಎಂಬಂತೆ ಕನಿಷ್ಠ ಮೂರು ಕಡೆ ಸುಳಿವು ಚೆಲ್ಲಿರಬೇಕು.

ಕೆಲವು ಕಟ್ಟಳೆಗಳು ಆಟಗಾರರ ನಾಲಿಗೆಯನ್ನೇ ಕಟ್ಟುತ್ತವೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವ ಬರೆದ ‘ಕಥಾಸರಿತ್ಸಾಗರ’ದ ಒಳಗೂ ಇರುವ ಬೇತಾಳನ ಇಪ್ಪತ್ತೈದು ಕತೆಗಳಲ್ಲಿ ರಾಜ ಮೌನವಾಗಿ ಹೆಣ ಹೊತ್ತು ನಡೆಯಬೇಕು. ಬೇತಾಳ ಕತೆ ಹೇಳಿ ಪ್ರಶ್ನೆ ಕೇಳುತ್ತದೆ. ಉತ್ತರ ಗೊತ್ತಿದ್ದೂ ಸುಮ್ಮನಿದ್ದರೆ ತಲೆ ಒಡೆಯುತ್ತದೆ, ಉತ್ತರಿಸಿದರೆ ಮೌನ ಮುರಿದು ಬೇತಾಳ ಮರಕ್ಕೆ ಮರಳುತ್ತದೆ. ಕೊನೆಯ ಕತೆಗೆ ರಾಜನಲ್ಲಿ ಉತ್ತರವಿಲ್ಲ, ಆ ಮೌನವೇ ಅವನನ್ನು ಗೆಲ್ಲಿಸುತ್ತದೆ. ಮೇಜಿನಲ್ಲಿ ಇದಕ್ಕೆ ದಾಳವೇ ಬೇಡ. ಹೆಣ ಹೊತ್ತ ಪಾತ್ರದ ಆಟಗಾರ ನಿಜವಾಗಿಯೂ ಮಾತಾಡುವಂತಿಲ್ಲ ಎಂಬ ನಿಯಮ ಸಾಕು. ಹಾಗೆಯೇ ಬ್ರಹ್ಮರಾಕ್ಷಸನ ಕತೆ. ಹೇಳಿದ ಕೆಲಸವನ್ನೆಲ್ಲ ಕ್ಷಣದಲ್ಲಿ ಮುಗಿಸುವ ಅವನಿಗೆ ಬಿಡುವಾದರೆ ಒಡೆಯನನ್ನೇ ತಿನ್ನುತ್ತಾನೆ. ಕೆರೆ ತೋಡಿಸಿ, ಕಾಡು ಕಡಿಸಿ ಕೆಲಸ ಮುಗಿದಾಗ ಮನೆಯ ಹೆಣ್ಣುಮಗಳು ಗುಂಗುರು ಕೂದಲೊಂದನ್ನು ಕೊಟ್ಟು ನೆಟ್ಟಗೆ ಮಾಡೆನ್ನುತ್ತಾಳೆ. ಕೂದಲು ನೆಟ್ಟಗಾಗುವುದಿಲ್ಲ, ಅವನು ಕಟ್ಟುಬೀಳುತ್ತಾನೆ. ಇಲ್ಲಿ ಬ್ರಹ್ಮರಾಕ್ಷಸನ ಬಲಕ್ಕೆ ಮಿತಿಯನ್ನೇ ಬರೆಯಬಾರದು. ಅವನ ಬಲ ಹೆಚ್ಚಿದಷ್ಟೂ ಕೆಲಸ ಬೇಗ ಮುಗಿಯುತ್ತದೆ, ಅಪಾಯ ಹತ್ತಿರವಾಗುತ್ತದೆ. ಒಂದು ಸುತ್ತಿಗೆ ಒಂದು ಕೆಲಸ ಎಂಬ ಲೆಕ್ಕದಲ್ಲಿ ಆಟಗಾರರು ಕೆಲಸ ಹುಡುಕುತ್ತಲೇ ಇರಬೇಕು.

ಏನು ಬೇಕು ಎಂಬ ಪ್ರಶ್ನೆಯನ್ನು ಬಕಾಸುರನಿಗೆ ಕೇಳಬಹುದು. ಚಿಕ್ಕಬಳ್ಳಾಪುರ ಜಿಲ್ಲೆಯ ಕೈವಾರವೇ ಅವನು ಕಾಡಿದ ಮಹಾಭಾರತದ ಏಕಚಕ್ರನಗರ ಎಂಬುದು ಅಲ್ಲಿನ ಸ್ಥಳಪುರಾಣ. ಅವನಿಗೆ ಬೇಕಾದದ್ದು ಒಂದು ಬಂಡಿ ಅನ್ನ, ಎರಡು ಕೋಣ, ಅದನ್ನು ತಂದ ಒಬ್ಬ ಮನುಷ್ಯ. ಅದಕ್ಕೆ ಪ್ರತಿಯಾಗಿ ಊರನ್ನು ಬೇರೆ ಶತ್ರುಗಳಿಂದ ಕಾಯುತ್ತಾನೆ. ಹೀಗಾಗಿ ಬಕಾಸುರನ ಕತೆಯ ಮುಕ್ಕಾಲು ಪಾಲು ಕಾಳಗಕ್ಕೆ ಮುಂಚೆಯೇ ನಡೆಯುತ್ತದೆ: ಇವತ್ತಿನ ಸರದಿ ಯಾರ ಮನೆಯದು, ಮನೆಯಲ್ಲಿ ಹೋಗುವವರು ಯಾರು, ಗಂಡನೋ ಹೆಂಡತಿಯೋ ಮಗಳೋ. ಆಟಗಾರರು ಊರಿಗೆ ಬಂದ ರಾತ್ರಿಯೇ ಆ ಜಗಳ ಕಿವಿಗೆ ಬೀಳಬೇಕು. ರಕ್ಕಸನನ್ನು ಕೊಂದರೆ ಊರಿನ ಕಾವಲು ಯಾರದು ಎಂದು ಒಬ್ಬ ಹಿರಿಯ ಕೇಳಬೇಕು. ಆಗ ಗುಹೆಯ ಮುಂದೆ ನಿಂತವರ ಕೈಯ ದಾಳಕ್ಕೆ ಭಾರ ಬರುತ್ತದೆ.

ಇಷ್ಟಾದ ಮೇಲೆ ಅಂಕಿಗಳ ಸರದಿ. ನಾಲ್ವರು ಆಟಗಾರರು, ಪ್ರತಿಯೊಬ್ಬರ ಪೆಟ್ಟು ಬೀಳುವ ಸಾಧ್ಯತೆ ನೂರಕ್ಕೆ 55, ಬಿದ್ದ ಪೆಟ್ಟಿನ ಸರಾಸರಿ 7.5 ಎಂದಿಟ್ಟುಕೊಂಡರೆ ಒಂದು ಸುತ್ತಿಗೆ ಒಟ್ಟು ಸರಾಸರಿ 16.5 ಅಂಕಿ ಕಳೆಯುತ್ತದೆ. ಐವತ್ತು ಹಿಟ್ ಪಾಯಿಂಟಿನ ಎದುರಾಳಿ ಹೆಚ್ಚುಕಡಿಮೆ ಮೂರು ಸುತ್ತಿನಲ್ಲಿ ಬೀಳುತ್ತಾನೆ. ಜನಪದ ಕತೆಯ ರಕ್ಕಸ ಒಂಟಿಯಾಗಿರುವುದೇ ಹೆಚ್ಚು. ನಾಲ್ವರು ನಾಲ್ಕು ಸಲ ಹೊಡೆಯುವಾಗ ಅವನು ಒಂದೇ ಸಲ ಕೈಯೆತ್ತಿದರೆ ಕಾಳಗ ಸಪ್ಪೆಯಾಗುತ್ತದೆ. ಹಿಟ್ ಪಾಯಿಂಟ್ ಏರಿಸಿದರೆ ಬೇಸರ ಉದ್ದವಾಗುತ್ತದೆಯೇ ಹೊರತು ಭಯ ಹೆಚ್ಚುವುದಿಲ್ಲ. ಇತರರ ಸರದಿಯ ನಡುವೆಯೂ ಎದುರಾಳಿ ಏನಾದರೊಂದು ಮಾಡುವ ಅವಕಾಶ ಐದನೆಯ ಆವೃತ್ತಿಯಲ್ಲಿದೆ, ಅದನ್ನು ಬಳಸಬೇಕು. ರಕ್ತಬೀಜಾಸುರನ ಕತೆ ಇನ್ನೂ ಒಳ್ಳೆಯ ಉಪಾಯ ಕೊಡುತ್ತದೆ. ನೆಲಕ್ಕೆ ಬಿದ್ದ ಒಂದೊಂದು ಹನಿ ರಕ್ತದಿಂದಲೂ ಒಬ್ಬೊಬ್ಬ ಹೊಸ ಅಸುರ ಏಳುತ್ತಾನೆ. ಆಟದಲ್ಲಿ ಕತ್ತಿಯ ಪೆಟ್ಟಿಗೆ ಎರಡಾಗುವ ಲೋಳೆಜೀವಿಗಳು ಮೊದಲಿಂದಲೂ ಇವೆ, ಅದೇ ನಿಯಮ ಇಲ್ಲಿಗೂ ಒಪ್ಪುತ್ತದೆ. ಕಾಳಿ ಮಾಡಿದ್ದನ್ನು ಆಟಗಾರರೂ ಕಂಡುಕೊಳ್ಳಬೇಕು: ಗೆಲ್ಲುವ ದಾರಿ ಹೊಡೆತದಲ್ಲಿಲ್ಲ, ರಕ್ತ ನೆಲಕ್ಕೆ ಬೀಳದಂತೆ ತಡೆಯುವುದರಲ್ಲಿದೆ.

ಎದುರಾಳಿಯನ್ನು ಮೇಜಿಗೆ ಕರೆತರುವ ಬಗೆಯನ್ನು ಕಲಿಯಲು ಕನ್ನಡಿಗರಿಗೆ ಯಕ್ಷಗಾನಕ್ಕಿಂತ ದೊಡ್ಡ ಶಾಲೆಯಿಲ್ಲ. ಬಣ್ಣದ ವೇಷ ರಂಗಕ್ಕೆ ಬರುವ ಮೊದಲೇ ಅದರ ಅಟ್ಟಹಾಸ ಕೇಳಿಸುತ್ತದೆ. ಚೆಂಡೆ ಏರುತ್ತದೆ. ದೊಂದಿಗೆ ರಾಳ ಎರಚಿದಾಗ ಬೆಂಕಿ ಭುಗಿಲೇಳುತ್ತದೆ. ತೆರೆಯ ಹಿಂದೆ ಮೊದಲು ಕಿರೀಟದ ತುದಿ, ಆಮೇಲೆ ಕೈ, ಕಟ್ಟಕಡೆಗೆ ಅಕ್ಕಿಹಿಟ್ಟಿನ ಚಿಟ್ಟಿಯಿಟ್ಟ ಮುಖ. ನೋಡುವ ಮಕ್ಕಳು ಅಷ್ಟರಲ್ಲಿ ತಾಯಿಯ ಸೆರಗು ಹಿಡಿದಿರುತ್ತಾರೆ. ಸೂತ್ರಧಾರರು ಮಾಡಬೇಕಾದದ್ದೂ ಇಷ್ಟೇ. ಮೊದಲ ದಿನ ಹೆಜ್ಜೆಗುರುತು, ಎರಡನೆಯ ದಿನ ಖಾಲಿ ಕೊಟ್ಟಿಗೆ, ಮೂರನೆಯ ದಿನ ದನಿ. ಹೆಸರನ್ನು ಊರಿನವರು ಹೇಳಲು ಹಿಂಜರಿಯಬೇಕು. ಮುಖ ಕೊನೆಗೆ ಕಾಣಬೇಕು.

ಇಲ್ಲಿಗೆ ಬಂದಾಗ ತಂತ್ರಕ್ಕಿಂತ ದೊಡ್ಡದಾದ ಒಂದು ವಿಚಾರ ಎದುರಾಗುತ್ತದೆ. ಕನ್ನಡದ ಬಹುಪಾಲು ಊರುಗಳಲ್ಲಿ ಭೂತ ಎಂದರೆ ಹೆದರಿಸುವ ದೆವ್ವ. ತುಳುನಾಡಿನಲ್ಲಿ ಭೂತ ಎಂದರೆ ದೈವ. ಪಂಜುರ್ಲಿ, ಗುಳಿಗ, ಕಲ್ಲುರ್ಟಿ, ಬಬ್ಬುಸ್ವಾಮಿಯರಿಗೆ ಸಾನವಿದೆ, ವರ್ಷಕ್ಕೊಮ್ಮೆ ಕೋಲವಿದೆ, ಹುಟ್ಟು ಹೇಳುವ ಪಾಡ್ದನವಿದೆ, ನ್ಯಾಯ ಕೇಳಿ ಬರುವ ಮನೆತನಗಳಿವೆ. ಈ ಎರಡು ಅರ್ಥಗಳನ್ನು ಬೆರೆಸಿದ ತಪ್ಪು ಹಳೆಯದು. ಎ. ಸಿ. ಬರ್ನೆಲ್ ಸಂಗ್ರಹಿಸಿದ ಅಮೂಲ್ಯ ಪಾಡ್ದನಗಳು 1894ರಿಂದ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಅಚ್ಚಾದಾಗ ಅವಕ್ಕಿದ್ದ ತಲೆಬರಹ ತುಳುವರ ‘ಪಿಶಾಚಿ ಪೂಜೆ’ ಎಂಬ ಅರ್ಥದ್ದು. ಒಂದು ಶತಮಾನದ ಮೇಲೆ ಆಟದ ಹಾಳೆಯಲ್ಲಿ ಪಂಜುರ್ಲಿಗೆ ಹಿಟ್ ಪಾಯಿಂಟ್ ಬರೆಯುವವರು ಅದೇ ತಪ್ಪನ್ನು ತಾಯ್ನುಡಿಯಲ್ಲಿ ಮಾಡಿದಂತೆ. ಮಲೆನಾಡಿನ ಚೌಡಿ, ಊರೂರ ಮಾರಿಯರ ವಿಷಯದಲ್ಲೂ ಈ ಮಾತು ಸಲ್ಲುತ್ತದೆ. ಅವರು ಹೆದರಿಸಬಲ್ಲರು, ಮುನಿಯಬಲ್ಲರು, ಆದರೆ ಊರಿಗೆ ಅವರು ಶತ್ರುಗಳಲ್ಲ, ಕಾಯುವವರು.

ಅಮೆರಿಕದ ಆಟದಲ್ಲೂ ಈ ಗೆರೆ ದಾಟಿದ ನಿದರ್ಶನವಿದೆ. 1980ರ ‘ಡೀಟೀಸ್ ಆ್ಯಂಡ್ ಡೆಮಿಗಾಡ್ಸ್’ ಪುಸ್ತಕ ಗ್ರೀಕರ, ಈಜಿಪ್ಟಿನ ದೇವತೆಗಳ ಜೊತೆಗೆ ಇಂದ್ರ, ಅಗ್ನಿ, ವರುಣರಿಗೂ ಹಿಟ್ ಪಾಯಿಂಟ್ ಬರೆದಿಟ್ಟಿತು. ಅಂಕಿ ಇದ್ದಲ್ಲಿ ಕೊಲ್ಲಬಹುದು ಎಂಬ ಸೂಚನೆ ಇರುತ್ತದೆ. ಪೂಜೆ ನಿಂತುಹೋದ ದೇವರನ್ನೂ ಇಂದಿಗೂ ದೀಪ ಹಚ್ಚಿಸಿಕೊಳ್ಳುವ ದೇವರನ್ನೂ ಒಂದೇ ಪಟ್ಟಿಯಲ್ಲಿ ಇಡಲಾಗದು. ಅಸುರರ ವಿಷಯವೂ ಸಲೀಸಲ್ಲ. ಮೈಸೂರಿನ ಚಾಮುಂಡಿ ಬೆಟ್ಟದ ಮೇಲೆ ಕತ್ತಿ, ಹಾವು ಹಿಡಿದು ನಿಂತ ಮಹಿಷಾಸುರ ಪ್ರವಾಸಿಗರಿಗೆ ರಾಕ್ಷಸನಾಗಿ ಕಂಡರೆ, ಜಾರ್ಖಂಡಿನ ಅಸುರ ಬುಡಕಟ್ಟಿನವರು ಅವನನ್ನು ತಮ್ಮ ಪೂರ್ವಜನೆಂದು ನೆನೆಯುತ್ತಾರೆ. ಆದ್ದರಿಂದ ಅಳವಡಿಸುವ ಮೊದಲು ಒಂದು ಪರೀಕ್ಷೆ ಬೇಕು. ಇವರಿಗೆ ಇಂದು ಎಲ್ಲಿಯಾದರೂ ಪೂಜೆ ಸಲ್ಲುತ್ತಿದೆಯೇ, ಇವರನ್ನು ತಮ್ಮವರೆನ್ನುವ ಜನರಿದ್ದಾರೆಯೇ? ಹೌದು ಎಂದಾದರೆ ಎದುರಾಳಿಯ ಪಟ್ಟಿಯಿಂದ ಆ ಹೆಸರನ್ನು ಬಿಡಬೇಕು. ಆಟಗಾರರು ಗೌರವದಿಂದ ಮೊರೆಹೋಗುವ ಶಕ್ತಿಯಾಗಿ, ಮಾತು ತಪ್ಪಿದರೆ ಕೇಳುವ ನ್ಯಾಯವಾಗಿ ಅವರು ಕತೆಯಲ್ಲಿ ಇರಬಹುದು, ಅಂಕಿಯಿಲ್ಲದೆ.

ಕೊಲ್ಲದೆ ಗೆಲ್ಲುವ ಆಟ ಸಾಧ್ಯವೇ ಎಂಬ ಅನುಮಾನಕ್ಕೆ ಸ್ವೀಡನ್ನಿನವರು ಉತ್ತರ ಕೊಟ್ಟಾಗಿದೆ. ಯೊಹಾನ್ ಎಗರ್‌ಕ್ರಾನ್ಸ್ ಎಂಬ ಚಿತ್ರಕಾರರು ನಾರ್ಡಿಕ್ ಜನಪದ ಜೀವಿಗಳ ಬಗ್ಗೆ ಮಾಡಿದ ಪುಸ್ತಕವನ್ನು ಆಧರಿಸಿ ಫ್ರೀ ಲೀಗ್ ಸಂಸ್ಥೆ 2020ರಲ್ಲಿ ‘ವೇಸನ್’ ಎಂಬ ಆಟ ತಂದಿತು. ಹತ್ತೊಂಬತ್ತನೆಯ ಶತಮಾನದ ಹಳ್ಳಿ, ಬದಲಾಗುತ್ತಿರುವ ಕಾಲ, ಮುನಿದ ಕಾಡಿನ ಜೀವಿಗಳು. ಆಯುಧದಿಂದ ಅವುಗಳ ಕಾಟ ಕೊನೆಗಾಣುವುದಿಲ್ಲ. ಊರಿನಲ್ಲಿ ವಿಚಾರಿಸಿ, ಮುನಿಸಿನ ಕಾರಣ ತಿಳಿದು, ತಕ್ಕ ವಿಧಿ ನಡೆಸಬೇಕು. ಜನಪದದ ಕಟ್ಟಳೆಯನ್ನು ಆಟದ ನಡುಗಂಬವಾಗಿಸಿದ ಈ ಮಾದರಿ ಕನ್ನಡದ ಕತೆಗಳಿಗೆ ಹುಲಿಮುಖದ ರಾಕ್ಷಸನಿಗಿಂತ ಎಷ್ಟೋ ಹತ್ತಿರ. ಬರೆದದ್ದನ್ನು ಪ್ರಕಟಿಸಬೇಕೆನ್ನುವವರಿಗೂ ದಾರಿಯಿದೆ. ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳ ಒಂದು ಸಂಗ್ರಹವನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಡಲಾಗಿದೆ. ಮೂಲವನ್ನು ಹೆಸರಿಸಿ ಯಾರೂ ಬಳಸಬಹುದು. ಜನಪದ ಕತೆ ಯಾರೊಬ್ಬರ ಸೊತ್ತೂ ಅಲ್ಲ. ಆದರೆ ಒಬ್ಬ ಕಲಾವಿದ ಬರೆದ ಚಿತ್ರ, ಒಬ್ಬ ಸಂಗ್ರಾಹಕ ತನ್ನ ಮಾತಿನಲ್ಲಿ ಬರೆದ ಕತೆಯ ಪಾಠ ಅವರವರದು.

ಒಂದೇ ದೆವ್ವಕ್ಕೆ ಧಾರವಾಡದ ಕಡೆ ಒಂದು ಕತೆ, ಕೊಳ್ಳೇಗಾಲದ ಕಡೆ ಇನ್ನೊಂದು ಕತೆ ಇರುವುದು ಸಹಜ. ಅವನ್ನು ಬೆರೆಸಿ ಒಂದು ಮಾಡುವ ಆಸೆಯನ್ನು ಅಳವಡಿಸುವವರು ಬಿಡಬೇಕು. ಒಂದು ಊರಿನ ಒಂದು ಪಾಠವನ್ನು ಹಿಡಿದು ಅದಕ್ಕೆ ನಿಷ್ಠರಾಗಿರುವುದು ಮೇಲು. ಅಜ್ಜಿಯರು, ಅಜ್ಜಂದಿರು ಇನ್ನೂ ಹೇಳಬಲ್ಲ ಸ್ಥಿತಿಯಲ್ಲಿದ್ದಾರೆ. ಮುಂದಿನ ರಜೆಗೆ ಊರಿಗೆ ಹೋಗುವ ಆಟಗಾರರು ಅವರ ಪಕ್ಕ ಕೂತು ಆ ಮೂರು ಪ್ರಶ್ನೆಗಳನ್ನು ಕೇಳಲಿ: ಅದು ಎಲ್ಲಿ ಬರುತ್ತದೆ, ಏನು ಬೇಡುತ್ತದೆ, ಏನು ಮಾಡಿದರೆ ಹೋಗುತ್ತದೆ. ಕೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲಿ. ಅಂಕಿಪಟ್ಟಿಯ ಕೆಳಗೆ ಕತೆ ಹೇಳಿದವರ ಒಪ್ಪಿಗೆ ಪಡೆದು ಅವರ ಹೆಸರನ್ನೂ, ಊರಿನ ಹೆಸರನ್ನೂ ತಪ್ಪದೆ ಹಾಕಲಿ.